ಅಜ್ಜಿಯ ಮಂಕು, ಚೀನಾದ ಸೂಜಿ

ಮನೆಯಲ್ಲಿ ಮಕ್ಕಳ ಪರೀಕ್ಷೆ ಹತ್ತಿರ ಬಂತೆಂದರೆ ಎಲ್ಲರ ಕಣ್ಣೂ ಅವರ ಮೇಲೆಯೇ. ಬೆಳಗಿನ ಜಾವ ಎಬ್ಬಿಸುವವರು ಒಬ್ಬರು, ಹಾಲು ಕಾಯಿಸಿ ಕೊಡುವವರು ಒಬ್ಬರು, ಟ್ಯೂಷನ್ನಿಗೆ ಬಿಟ್ಟುಬರುವವರು ಇನ್ನೊಬ್ಬರು. ಅದೇ ಮನೆಯ ಹಿಂಬದಿಯ ಕೋಣೆಯಲ್ಲಿ ಅಜ್ಜಿ ಎರಡು ಮೂರು ತಿಂಗಳಿಂದ ಮಂಕಾಗಿ ಕೂತಿರುವುದು ಯಾರ ಗಮನಕ್ಕೂ ಬಂದಿರುವುದಿಲ್ಲ. ಸಂಜೆ ದೇವರಿಗೆ ದೀಪ ಹಚ್ಚುವುದನ್ನು ಬಿಟ್ಟಿದ್ದಾರೆ. ತಟ್ಟೆಯಲ್ಲಿ ಅರ್ಧ ಊಟ ಹಾಗೆಯೇ ಉಳಿಯುತ್ತದೆ. ಬೆಳಗಿನ ಮೂರು ಗಂಟೆಗೇ ಎಚ್ಚರವಾಗಿ ಗೋಡೆ ನೋಡುತ್ತ ಮಲಗಿರುತ್ತಾರೆ. ಕೇಳಿದರೆ 'ಹೊಟ್ಟೆಯಲ್ಲಿ ಉರಿ', 'ಮೈಯೆಲ್ಲಾ ನೋವು' ಎನ್ನುತ್ತಾರೆ. 'ವಯಸ್ಸಾಯಿತಲ್ಲ' ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ.

ಇಂಥ ಹೊತ್ತಿನಲ್ಲೇ ಪರಿಚಯದವರು ಯಾರಾದರೂ ಸಲಹೆ ಕೊಡುತ್ತಾರೆ. 'ಅಕ್ಯುಪಂಕ್ಚರ್ ಮಾಡಿಸಿ. ನಮ್ಮ ಭಾವನ ತಾಯಿಗೂ ಹೀಗೇ ಆಗಿತ್ತು. ಹತ್ತು ಸಲ ಸೂಜಿ ಹಾಕಿಸಿಕೊಂಡರು, ಈಗ ಲವಲವಿಕೆಯಿಂದ ಓಡಾಡುತ್ತಿದ್ದಾರೆ. ಮಾತ್ರೆಗಳನ್ನೆಲ್ಲ ಬಿಟ್ಟೇಬಿಟ್ಟರು.' ಮನೆಯ ಹಿರಿಯರಿಗೆ ಇದು ಆಸೆ ಹುಟ್ಟಿಸುವ ಮಾತು. ವಿಜ್ಞಾನ ಓದುತ್ತಿರುವ ಮೊಮ್ಮಗಳಿಗೆ ಅನುಮಾನ ಹುಟ್ಟಿಸುವ ಮಾತು. ಇಬ್ಬರೂ ತಪ್ಪಲ್ಲ. ಆದರೆ ಆ ಸಲಹೆಯ ಕೊನೆಯ ವಾಕ್ಯವಿದೆಯಲ್ಲ, ಮಾತ್ರೆ ಬಿಟ್ಟ ವಿಷಯ, ಅದು ಅಪಾಯದ್ದು. ಆದ್ದರಿಂದ ಈ ವಾರ ಸೂಜಿಯ ವಿಚಾರವನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮುಪ್ಪಲ್ಲ, ಕಾಯಿಲೆ

ಮೊದಲು ಕಾಯಿಲೆಯ ವಿಷಯ. ದುಃಖ ಬೇರೆ, ಖಿನ್ನತೆ ಬೇರೆ. ಆಪ್ತರು ತೀರಿಕೊಂಡಾಗ, ಮಗ ದೂರದ ಊರಿಗೆ ಹೋದಾಗ ದುಃಖವಾಗುವುದು ಸಹಜ. ಆ ದುಃಖದ ನಡುವೆಯೂ ಮೊಮ್ಮಗು ಬಂದು ತೊಡೆಯೇರಿದರೆ ಮುಖ ಅರಳುತ್ತದೆ. ಖಿನ್ನತೆಯಲ್ಲಿ ಹಾಗಾಗುವುದಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು, ಯಾವುದರಲ್ಲೂ ಆಸಕ್ತಿ ಇಲ್ಲದಂತಾಗುತ್ತದೆ. ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆ ಎಲ್ಲವೂ ಕುಸಿಯುತ್ತವೆ. 'ನಾನು ಎಲ್ಲರಿಗೂ ಭಾರ' ಎಂಬ ಯೋಚನೆ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ.

ವಯಸ್ಸಾದವರಲ್ಲಿ ಇದನ್ನು ಗುರುತಿಸುವುದು ಇನ್ನೂ ಕಷ್ಟ. ಅವರು 'ಬೇಸರ' ಎನ್ನುವುದಿಲ್ಲ, 'ಮೈಯಲ್ಲಿ ಹುಷಾರಿಲ್ಲ' ಎನ್ನುತ್ತಾರೆ. ಕೆಲವರಿಗೆ ಮರೆವು ಎಷ್ಟು ಹೆಚ್ಚುತ್ತದೆಂದರೆ ಮನೆಯವರು ಅರಳುಮರಳು ಶುರುವಾಯಿತೆಂದೇ ತಿಳಿಯುತ್ತಾರೆ. ಖಿನ್ನತೆಗೆ ಚಿಕಿತ್ಸೆಯಾದಾಗ ಅಂಥ ಮರೆವು ಎಷ್ಟೋ ಸಲ ಕಡಿಮೆಯಾಗುತ್ತದೆ. ಅದಕ್ಕಾಗಿಯೇ 1980ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯರು ವೃದ್ಧರಿಗೆಂದೇ 30 ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬೇಕು. ಅದರಲ್ಲಿ ನಿದ್ದೆ, ಹಸಿವು, ನೋವುಗಳ ಬಗ್ಗೆ ಪ್ರಶ್ನೆಗಳೇ ಇಲ್ಲ. ಏಕೆಂದರೆ ಇವು ಖಿನ್ನತೆ ಇಲ್ಲದ ವೃದ್ಧರಲ್ಲೂ ಏರುಪೇರಾಗುತ್ತವೆ. ಪ್ರಶ್ನೆಗಳೆಲ್ಲ ಮನಸ್ಸಿನ ಬಗ್ಗೆಯೇ. ಇದರ 15 ಪ್ರಶ್ನೆಗಳ ಕಿರುರೂಪ ಈಗಲೂ ಬಳಕೆಯಲ್ಲಿದೆ.

ನಮ್ಮ ದೇಶದ ಪರಿಸ್ಥಿತಿ ಹೇಗಿದೆ? 2017-18ರಲ್ಲಿ 45 ವರ್ಷ ದಾಟಿದ 72,000ಕ್ಕೂ ಹೆಚ್ಚು ಭಾರತೀಯರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿದ ದೊಡ್ಡ ಸಮೀಕ್ಷೆಯೊಂದು ನಡೆಯಿತು. ಅದರ ಪ್ರಕಾರ 60 ದಾಟಿದವರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದವು. ಆದರೆ 'ನಿಮಗೆ ಖಿನ್ನತೆ ಇದೆ ಎಂದು ವೈದ್ಯರು ಹೇಳಿದ್ದಾರೆಯೆ?' ಎಂದು ಕೇಳಿದಾಗ ಹೌದು ಎಂದವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಅಂದರೆ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಯ ಕಾಯಿಲೆಗೆ ಹೆಸರೇ ಇಲ್ಲ. ಅವರೆಲ್ಲ 'ವಯಸ್ಸಾಯಿತಲ್ಲ' ಎಂಬ ಮಾತಿನೊಳಗೆ ಅಡಗಿ ಕೂತಿದ್ದಾರೆ.

ಸೂಜಿ ನಡೆದುಬಂದ ದಾರಿ

ಇನ್ನು ಸೂಜಿಯ ವಿಷಯ. ಅಕ್ಯುಪಂಕ್ಚರ್ ಎರಡು ಸಾವಿರ ವರ್ಷಗಳಷ್ಟು ಹಳೆಯ ಚೀನೀ ಚಿಕಿತ್ಸೆ. ಹೆಸರು ಮಾತ್ರ ಲ್ಯಾಟಿನ್ ಭಾಷೆಯದು. 'ಅಕುಸ್' ಎಂದರೆ ಸೂಜಿ, 'ಪುಂಕ್ಚುರ' ಎಂದರೆ ಚುಚ್ಚುವುದು. ಜಪಾನಿನಲ್ಲಿದ್ದ ಡಚ್ ವೈದ್ಯ ವಿಲ್ಲೆಂ ಟೆನ್ ರೈನೆ 1683ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಪದ ಯೂರೋಪಿನಲ್ಲಿ ಬಳಕೆಗೆ ಬಂತು. ದೇಹದಲ್ಲಿ 'ಚೀ' ಎಂಬ ಜೀವಶಕ್ತಿ ಹದಿನಾಲ್ಕು ಹಾದಿಗಳಲ್ಲಿ ಹರಿಯುತ್ತದೆ, ಅದು ತಡೆದು ನಿಂತರೆ ಕಾಯಿಲೆ, ಆ ಹಾದಿಗಳ ಮೇಲಿರುವ 361 ಬಿಂದುಗಳಲ್ಲಿ ತಕ್ಕ ಕಡೆ ಸೂಜಿ ಚುಚ್ಚಿದರೆ ತಡೆ ನಿವಾರಣೆಯಾಗುತ್ತದೆ ಎಂಬುದು ಚೀನೀಯರ ವಿವರಣೆ. ಶವ ಕೊಯ್ದು ನೋಡಿದರೆ ರಕ್ತನಾಳ ಕಾಣುತ್ತದೆ, ನರ ಕಾಣುತ್ತದೆ, ಈ ಹಾದಿಗಳು ಕಾಣುವುದಿಲ್ಲ. ಆದರೆ ವಿವರಣೆ ತಪ್ಪಾದ ಮಾತ್ರಕ್ಕೆ ಚಿಕಿತ್ಸೆಯೂ ನಿಷ್ಪ್ರಯೋಜಕ ಎನ್ನುವಂತಿಲ್ಲ. ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಭಾರತಕ್ಕೂ ಈ ಸೂಜಿಗೂ ಒಂದು ನಂಟಿದೆ. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ 1938ರಲ್ಲಿ ನಮ್ಮ ಕಾಂಗ್ರೆಸ್ ಐವರು ವೈದ್ಯರ ತಂಡವನ್ನು ಕಳುಹಿಸಿತು. ಅವರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅಲ್ಲಿಯೇ 1942ರಲ್ಲಿ ತೀರಿಕೊಂಡರು. ಅದೇ ತಂಡದಲ್ಲಿದ್ದ ಡಾ. ಬಿ. ಕೆ. ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಬಂದು ಕಲ್ಕತ್ತದಲ್ಲಿ ಆರಂಭಿಸಿದರು. ಕರ್ನಾಟಕದಲ್ಲಿ ಇದು ಹೆಚ್ಚಾಗಿ ಪ್ರಕೃತಿ ಚಿಕಿತ್ಸಾಲಯಗಳ ಮೂಲಕ ಜನರಿಗೆ ಪರಿಚಯ. ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಬಿ.ಎನ್.ವೈ.ಎಸ್. ಪದವಿಯ ಪಠ್ಯದಲ್ಲಿ ಅಕ್ಯುಪಂಕ್ಚರ್ ಕೂಡ ಒಂದು ವಿಷಯ.

ಚಿಕಿತ್ಸೆ ನೋಡಲು ಭಯ ಹುಟ್ಟಿಸಿದರೂ ಅಷ್ಟು ನೋವಿನದಲ್ಲ. ಇಂಜೆಕ್ಷನ್ ಸೂಜಿಯಂತೆ ಇದಕ್ಕೆ ಒಳಗೆ ತೂತಿಲ್ಲ. ದಪ್ಪ ಸುಮಾರು ಕಾಲು ಮಿಲಿಮೀಟರು. ಖಿನ್ನತೆಗೆ ಸಾಮಾನ್ಯವಾಗಿ ನೆತ್ತಿಯ ಮೇಲೆ, ಹುಬ್ಬುಗಳ ನಡುವೆ (ನಾವು ಕುಂಕುಮ ಇಡುವ ಜಾಗವೇ), ಮುಂಗೈ ಒಳಭಾಗದಲ್ಲಿ, ಮೊಣಕಾಲ ಕೆಳಗೆ ಮತ್ತು ಪಾದದ ಮೇಲೆ ಸೂಜಿ ಹಾಕುತ್ತಾರೆ. ಇಪ್ಪತ್ತು ಮೂವತ್ತು ನಿಮಿಷ ಹಾಗೆಯೇ ಬಿಟ್ಟು ತೆಗೆಯುತ್ತಾರೆ. ಕೆಲವು ಕಡೆ ಸೂಜಿಗಳಿಗೆ ಸಣ್ಣ ವಿದ್ಯುತ್ತನ್ನೂ ಹಾಯಿಸುತ್ತಾರೆ.

ಯಾವುದಕ್ಕೆ ಹೋಲಿಸಿದರೆ?

ಸೂಜಿ ಚಿಕಿತ್ಸೆ ಪಶ್ಚಿಮದಲ್ಲಿ ಮನೆಮಾತಾದದ್ದು 1971ರಲ್ಲಿ. ಅಮೆರಿಕದ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಜೇಮ್ಸ್ ರೆಸ್ಟನ್ ಬೀಜಿಂಗಿಗೆ ಹೋಗಿದ್ದಾಗ ಅಪೆಂಡಿಸೈಟಿಸ್ ಆಗಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಮರುದಿನ ರಾತ್ರಿ ಹೊಟ್ಟೆಯುಬ್ಬರದಿಂದ ಒದ್ದಾಡುತ್ತಿದ್ದಾಗ ವೈದ್ಯರು ಮೊಣಕೈ ಮತ್ತು ಮೊಣಕಾಲ ಕೆಳಗೆ ಸೂಜಿ ಹಾಕಿದರು. ಒಂದು ಗಂಟೆಯೊಳಗೆ ಹಾಯೆನಿಸಿತು. ಅದನ್ನವರು ಪತ್ರಿಕೆಯಲ್ಲಿ ಬರೆದರು. ಅದು ಬಾಯಿಂದ ಬಾಯಿಗೆ ಹರಡಿ, ಅರಿವಳಿಕೆಯೇ ಇಲ್ಲದೆ ಬರೀ ಸೂಜಿ ಚುಚ್ಚಿ ಶಸ್ತ್ರಚಿಕಿತ್ಸೆ ಮಾಡಿದರು ಎಂದಾಯಿತು! ನಿಜವಾಗಿ ಶಸ್ತ್ರಚಿಕಿತ್ಸೆ ನಡೆದದ್ದು ಮಾಮೂಲಿನಂತೆ ಅರಿವಳಿಕೆಯ ಇಂಜೆಕ್ಷನ್ ಕೊಟ್ಟೇ.

ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಸೂಜಿ ಹಾಕದೇ ಇದ್ದಿದ್ದರೆ ಆ ಉಬ್ಬರ ಏನಾಗುತ್ತಿತ್ತು? ಬಹುಶಃ ತಾನಾಗಿಯೇ ಇಳಿಯುತ್ತಿತ್ತು. ಹಾಗಾದರೆ ಇಳಿಸಿದ್ದು ಸೂಜಿಯೋ, ಸಮಯವೋ? ಒಬ್ಬರ ಅನುಭವದಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಪಕ್ಕದ ಮನೆಯ ಭಾವನ ತಾಯಿಯ ಕಥೆಗೂ ಇದೇ ಮಾತು. ಖಿನ್ನತೆ ಅಲೆಯಂತೆ ಏರಿ ಇಳಿಯುವ ಕಾಯಿಲೆ. ಜನ ಚಿಕಿತ್ಸೆಗೆ ಓಡುವುದು ತೀರಾ ಕೆಟ್ಟಿದ್ದಾಗ. ಅಲ್ಲಿಂದ ಮುಂದೆ ಏನೂ ಮಾಡದಿದ್ದರೂ ಕೆಲವರು ತುಸು ಸುಧಾರಿಸುತ್ತಾರೆ. ಆಗ ಕೈಯಲ್ಲಿ ಯಾವ ಚಿಕಿತ್ಸೆ ಇರುತ್ತದೋ ಅದಕ್ಕೇ ಕೀರ್ತಿ.

ಆದ್ದರಿಂದಲೇ 'ಗುಣವಾಯಿತು' ಎಂಬ ಮಾತು ಕೇಳಿದಾಗ 'ಯಾವುದಕ್ಕೆ ಹೋಲಿಸಿದರೆ?' ಎಂದು ಕೇಳಬೇಕು. ಸಂಶೋಧಕರು ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚುವುದು ಈ ಪ್ರಶ್ನೆಗಾಗಿಯೇ. ಒಂದು ಗುಂಪಿಗೆ ಚಿಕಿತ್ಸೆ, ಇನ್ನೊಂದು ಗುಂಪಿಗೆ ಇಲ್ಲ. ಎರಡೂ ಗುಂಪುಗಳಲ್ಲಿ ತಾನಾಗಿ ಸುಧಾರಿಸುವವರ ಪ್ರಮಾಣ ಸುಮಾರು ಒಂದೇ ಇರುತ್ತದೆ. ಉಳಿದ ವ್ಯತ್ಯಾಸವೇ ಚಿಕಿತ್ಸೆಯದು.

ಇಂಥ ಒಂದು ದೊಡ್ಡ ಪರೀಕ್ಷೆ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ನಡೆದು 2013ರಲ್ಲಿ ಪ್ರಕಟವಾಯಿತು. ಖಿನ್ನತೆಯಿದ್ದ 755 ಮಂದಿಯಲ್ಲಿ 302 ಮಂದಿಗೆ ವಾರಕ್ಕೊಮ್ಮೆಯಂತೆ ಹೆಚ್ಚೆಂದರೆ 12 ಸಲ ಸೂಜಿ, ಮತ್ತೆ 302 ಮಂದಿಗೆ ಅಷ್ಟೇ ಸಲ ಆಪ್ತಸಲಹೆ, ಉಳಿದ 151 ಮಂದಿಗೆ ಎಂದಿನ ವೈದ್ಯರ ಆರೈಕೆ ಮಾತ್ರ. ಮೊದಲ ಎರಡು ಗುಂಪಿನವರೂ ಎಂದಿನ ಔಷಧಿಗಳನ್ನು ಬಿಡಬೇಕಾಗಿರಲಿಲ್ಲ. ಮೂರು ತಿಂಗಳ ನಂತರ ನೋಡಿದರೆ, 27 ಅಂಕಗಳ ಖಿನ್ನತೆಯ ಅಳತೆಪಟ್ಟಿಯಲ್ಲಿ ಸೂಜಿಯವರು ಮೂರನೆಯ ಗುಂಪಿಗಿಂತ ಸುಮಾರು ಎರಡೂವರೆ ಅಂಕ ಮುಂದಿದ್ದರು. ಆಪ್ತಸಲಹೆಯವರು ಸುಮಾರು ಒಂದೂ ಮುಕ್ಕಾಲು ಅಂಕ ಮುಂದಿದ್ದರು. ಸೂಜಿಗೂ ಆಪ್ತಸಲಹೆಗೂ ನಡುವಣ ಆ ಸಣ್ಣ ಅಂತರ ಲೆಕ್ಕಕ್ಕೆ ಹಿಡಿಯುವಂಥದಾಗಿರಲಿಲ್ಲ.

ಹಾಗಾದರೆ ಸೂಜಿ ಗೆದ್ದಿತೆ? ಅವಸರ ಬೇಡ, ಇನ್ನೊಂದು ಪ್ರಶ್ನೆ ಉಳಿದಿದೆ.

ಹುಸಿ ಸೂಜಿ

ಸೂಜಿ ಹಾಕಿಸಿಕೊಂಡವರಿಗೆ ಸಿಕ್ಕಿದ್ದು ಸೂಜಿ ಮಾತ್ರವಲ್ಲ. ವಾರಕ್ಕೊಂದು ದಿನ ಮನೆಯಿಂದ ಹೊರಗೆ ಹೋದರು. ಒಬ್ಬರು ಅವರ ನಿದ್ದೆ, ಊಟ, ನೋವುಗಳನ್ನು ಸಾವಧಾನವಾಗಿ ಕೇಳಿದರು, ಕೈ ಹಿಡಿದು ನಾಡಿ ನೋಡಿದರು. ಅರ್ಧ ಗಂಟೆ ಸದ್ದಿಲ್ಲದ ಕೋಣೆಯಲ್ಲಿ ಮಲಗಿದರು. ಗುಣವಾಗುತ್ತದೆಂಬ ನಿರೀಕ್ಷೆಯೂ ಜೊತೆಗಿತ್ತು. ಇವೆಲ್ಲ ಕಳೆದು ಬರೀ ಸೂಜಿಯ ಪಾಲೆಷ್ಟು ಎಂದು ತಿಳಿಯುವುದು ಹೇಗೆ?

ಅದಕ್ಕೆ ಸಂಶೋಧಕರು ಒಂದು ಉಪಾಯ ಹೂಡಿದರು. ಒಂದು ಗುಂಪಿಗೆ ಶಾಸ್ತ್ರ ಹೇಳುವ ಬಿಂದುಗಳಲ್ಲಿ ಸೂಜಿ. ಇನ್ನೊಂದು ಗುಂಪಿಗೆ ಆ ಕಾಯಿಲೆಗೆ ಸಂಬಂಧಿಸದ ಬಿಂದುಗಳಲ್ಲಿ ಸೂಜಿ. 1998ರಲ್ಲಿ ಜರ್ಮನಿಯ ಸಂಶೋಧಕರು ನಾಟಕದ ಕತ್ತಿಯಂಥ ಹುಸಿ ಸೂಜಿಯನ್ನೂ ತಯಾರಿಸಿದರು. ಒತ್ತಿದರೆ ಚರ್ಮದೊಳಗೆ ಹೋಗುವ ಬದಲು ತನ್ನ ಹಿಡಿಯೊಳಗೇ ಸರಿಯುತ್ತದೆ. ಚುಚ್ಚಿದ ಹಾಗೆ ಅನಿಸುತ್ತದೆ, ಚುಚ್ಚಿರುವುದಿಲ್ಲ.

ಖಿನ್ನತೆಯಲ್ಲಿ ಇದರ ಫಲವೇನು? ಅಮೆರಿಕದ ಅರಿಜೋನ ವಿಶ್ವವಿದ್ಯಾಲಯದ ಜಾನ್ ಅಲೆನ್ ಮತ್ತು ಸಂಗಡಿಗರ ಎರಡು ಪರೀಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಳ್ಳೆಯ ಪಾಠ ಸಿಗುತ್ತದೆ. 1998ರಲ್ಲಿ 38 ಮಹಿಳೆಯರ ಮೇಲೆ ಮಾಡಿದ ಮೊದಲ ಪರೀಕ್ಷೆಯಲ್ಲಿ ಖಿನ್ನತೆಗೆಂದೇ ಆರಿಸಿದ ಬಿಂದುಗಳ ಸೂಜಿ ಬೇರೆ ಬಿಂದುಗಳ ಸೂಜಿಗಿಂತ ಚೆನ್ನಾಗಿ ಕೆಲಸ ಮಾಡಿದಂತೆ ಕಂಡಿತು. ಉತ್ಸಾಹ ಹುಟ್ಟಿತು. ಅದೇ ತಂಡ 2006ರಲ್ಲಿ 151 ಮಂದಿಯ ಮೇಲೆ ದೊಡ್ಡ ಪರೀಕ್ಷೆ ಮಾಡಿತು. ಎಂಟು ವಾರಗಳ ನಂತರ ಸೂಜಿ ಹಾಕಿಸಿಕೊಂಡವರು ಸುಮ್ಮನೆ ಸರದಿ ಕಾದವರಿಗಿಂತ ಸುಧಾರಿಸಿದ್ದರು. ಆದರೆ ಖಿನ್ನತೆಗೆಂದು ಆರಿಸಿದ ಬಿಂದುಗಳಿಗೆ ಯಾವ ಹೆಚ್ಚುಗಾರಿಕೆಯೂ ಕಾಣಲಿಲ್ಲ. ಗಣನೀಯವಾಗಿ ಸುಧಾರಿಸಿದವರು ಆ ಗುಂಪಿನಲ್ಲಿ ನೂರಕ್ಕೆ 22, ಬೇರೆ ಬಿಂದುಗಳ ಗುಂಪಿನಲ್ಲಿ ನೂರಕ್ಕೆ 39. ತಮ್ಮದೇ ಮೊದಲ ಫಲಿತಾಂಶಕ್ಕೆ ವಿರುದ್ಧವಾದ ಇದನ್ನು ಅವರು ಮುಚ್ಚಿಡಲಿಲ್ಲ, ಪ್ರಕಟಿಸಿದರು. ವಿಜ್ಞಾನದ ವಿದ್ಯಾರ್ಥಿಗಳು ನೆನಪಿಡಬೇಕಾದ ನಡವಳಿಕೆ ಇದು.

2018ರಲ್ಲಿ ಕಾಕ್ರೇನ್ ಸಂಸ್ಥೆಯವರು 64 ಪರೀಕ್ಷೆಗಳನ್ನು, ಅಂದರೆ 7,104 ರೋಗಿಗಳನ್ನು, ಒಟ್ಟಿಗೆ ತೂಗಿ ನೋಡಿದರು. ಏನೂ ಮಾಡದಿರುವುದಕ್ಕೆ ಅಥವಾ ಎಂದಿನ ಆರೈಕೆಗೆ ಹೋಲಿಸಿದರೆ ಸೂಜಿಯಿಂದ ಖಿನ್ನತೆ ಸಾಧಾರಣ ಮಟ್ಟಿಗೆ ಕಡಿಮೆಯಾಗಬಹುದು. ಹುಸಿ ಸೂಜಿಗೆ ಹೋಲಿಸಿದರೆ ಸಣ್ಣ ವ್ಯತ್ಯಾಸ ಮಾತ್ರ. ಪರೀಕ್ಷೆಗಳ ಗುಣಮಟ್ಟ ಒಟ್ಟಾರೆ ಕೆಳಮಟ್ಟದ್ದು ಎಂಬುದು ಅವರ ತೀರ್ಮಾನ.

ಅಜ್ಜಿಯ ಮಟ್ಟಿಗೆ ಇನ್ನೊಂದು ಮಾತಿದೆ. ಈ ಪರೀಕ್ಷೆಗಳಲ್ಲಿ ಇದ್ದವರು ಬಹುಪಾಲು ಮಧ್ಯವಯಸ್ಕರು. ಅಲೆನ್ ಅವರ ಮೊದಲ ಪರೀಕ್ಷೆಯಲ್ಲಿದ್ದ ಮಹಿಳೆಯರ ವಯಸ್ಸು 18ರಿಂದ 45. ವೃದ್ಧರ ಮೇಲೆಯೇ ನಡೆದ ಪರೀಕ್ಷೆಗಳು ಕಡಿಮೆ, ನಡೆದವೂ ಸಣ್ಣವು. ಎಪ್ಪತ್ತೈದು ವರ್ಷದ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇರುವ ಅಜ್ಜಿಗೆ ಇವುಗಳ ಫಲಿತಾಂಶವನ್ನು ನೇರವಾಗಿ ಅನ್ವಯಿಸುವಂತಿಲ್ಲ.

'ಸೂಜಿ ಚುಚ್ಚಿದರೆ ಮಿದುಳಿನಲ್ಲಿ ಎಂಡಾರ್ಫಿನ್ ಬಿಡುಗಡೆಯಾಗುವುದು ಸಾಬೀತಾಗಿದೆಯಲ್ಲ?' ಎಂದು ಕೆಲವರು ಕೇಳಬಹುದು. ನಿಜ. ದೇಹವೇ ತಯಾರಿಸಿಕೊಳ್ಳುವ ಈ ನೋವು ನಿವಾರಕವನ್ನು ತಡೆಯುವ ನಾಲೋಕ್ಸೋನ್ ಎಂಬ ಮದ್ದು ಕೊಟ್ಟರೆ ಸೂಜಿಯಿಂದಾಗುವ ನೋವುಶಮನ ತಗ್ಗುತ್ತದೆ ಎಂದು 1970ರ ದಶಕದ ಪ್ರಯೋಗಗಳು ತೋರಿಸಿದವು. ಆದರೆ 1978ರಲ್ಲಿ ಅಮೆರಿಕದ ಸಂಶೋಧಕರು ಹಲ್ಲು ಕೀಳಿಸಿಕೊಂಡವರಲ್ಲಿ ಇನ್ನೊಂದು ಸಂಗತಿ ಕಂಡರು. ಔಷಧಿಯೇ ಇಲ್ಲದ ಹುಸಿ ಮದ್ದಿನಿಂದ ಆಗುವ ನೋವುಶಮನವೂ ನಾಲೋಕ್ಸೋನ್ ಕೊಟ್ಟರೆ ತಗ್ಗುತ್ತದೆ! ಅಂದರೆ ನಿರೀಕ್ಷೆ, ನಂಬಿಕೆಗಳೂ ದೇಹದ ರಸಾಯನವನ್ನು ಕದಲಿಸುತ್ತವೆ. ಆದ್ದರಿಂದ ಎಂಡಾರ್ಫಿನ್ ಸೂಜಿಯ ಪರವಾದ ಸಾಕ್ಷಿ ಮಾತ್ರವಲ್ಲ, ಹುಸಿ ಮದ್ದಿನ ಪರವಾಗಿಯೂ ಅದು ಸಾಕ್ಷಿ ಹೇಳುತ್ತದೆ.

ಸೂಜಿಯದಲ್ಲದ ಪಾಲು

ಇಷ್ಟು ಓದಿ 'ಹಾಗಾದರೆ ಎಲ್ಲಾ ಬರೀ ಭ್ರಮೆ' ಎಂದು ತಳ್ಳಿಹಾಕುವುದೂ ಸರಿಯಲ್ಲ. ಹುಸಿ ಸೂಜಿಯಿಂದಲೂ ಜನ ಸುಧಾರಿಸುತ್ತಾರೆಂದರೆ ಆ ಸುಧಾರಣೆ ಎಲ್ಲಿಂದ ಬರುತ್ತದೆ?

ಇದಕ್ಕೆ ಹಾರ್ವರ್ಡ್ ವಿಶ್ವವಿದ್ಯಾಲಯದ ಟೆಡ್ ಕ್ಯಾಪ್ಚಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪರೀಕ್ಷೆ ಉತ್ತರ ಕೊಡುತ್ತದೆ. ಅದು ಖಿನ್ನತೆಯದಲ್ಲ, ಪದೇ ಪದೇ ಹೊಟ್ಟೆ ಕೆಡುವ ಕರುಳಿನ ತೊಂದರೆಯದು. 262 ರೋಗಿಗಳಲ್ಲಿ ಯಾರಿಗೂ ನಿಜವಾದ ಸೂಜಿ ಹಾಕಲಿಲ್ಲ. ಒಂದು ಗುಂಪು ಸುಮ್ಮನೆ ಸರದಿ ಕಾಯಿತು. ಎರಡನೆಯ ಗುಂಪಿಗೆ ಹುಸಿ ಸೂಜಿ, ಜೊತೆಗೆ ಐದು ನಿಮಿಷಕ್ಕೂ ಕಡಿಮೆಯ ಚುಟುಕು ಮಾತು. ಮೂರನೆಯ ಗುಂಪಿಗೂ ಅದೇ ಹುಸಿ ಸೂಜಿ. ಆದರೆ ಮೊದಲ ಭೇಟಿಯಲ್ಲಿ ಚಿಕಿತ್ಸಕರು ಮುಕ್ಕಾಲು ಗಂಟೆ ಕೂತು, ಅವರ ಕಷ್ಟವನ್ನು ಕಿವಿಗೊಟ್ಟು ಕೇಳಿ, ಧೈರ್ಯ ಹೇಳಿದರು. ಮೂರು ವಾರಗಳ ನಂತರ ಸಾಕಷ್ಟು ಹಗುರವಾಯಿತು ಎಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 28, ಎರಡನೆಯದರಲ್ಲಿ 44, ಮೂರನೆಯದರಲ್ಲಿ 62. ಎರಡನೆಯ ಗುಂಪಿಗೂ ಮೂರನೆಯದಕ್ಕೂ ಇದ್ದ ಅಂತರ ಒಬ್ಬರು ಕೂತು ಕೇಳಿದ್ದು ಮಾತ್ರ.

ಇದೇ ಪಾಠವನ್ನು, ಸೂಜಿಯ ಗೊಡವೆಯೇ ಇಲ್ಲದೆ, ನಮ್ಮ ಪಕ್ಕದ ಗೋವಾದಲ್ಲಿ ನಡೆದ ಪ್ರಯೋಗವೊಂದು ವೃದ್ಧರಲ್ಲಿಯೇ ತೋರಿಸಿಕೊಟ್ಟಿತು. 2019ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ 60 ದಾಟಿದ 181 ಮಂದಿ ಇದ್ದರು. ಖಿನ್ನತೆಯ ಸಣ್ಣ ಲಕ್ಷಣಗಳಿದ್ದರೂ ಕಾಯಿಲೆ ಇನ್ನೂ ಪೂರ್ತಿ ಬಲಿತಿರಲಿಲ್ಲ. ಅರ್ಧದಷ್ಟು ಮಂದಿಯನ್ನು ತರಬೇತಿ ಪಡೆದ ಸಾಮಾನ್ಯ ಜನರೇ, ವೈದ್ಯರಲ್ಲ, ಮತ್ತೆ ಮತ್ತೆ ಭೇಟಿಯಾದರು. ಸಮಸ್ಯೆಗಳನ್ನು ಒಂದೊಂದಾಗಿ ಬಿಡಿಸುವುದು ಹೇಗೆ, ನಿದ್ದೆಯ ಅಭ್ಯಾಸ ಸರಿಪಡಿಸಿಕೊಳ್ಳುವುದು ಹೇಗೆ, ಸಕ್ಕರೆ ಕಾಯಿಲೆಯನ್ನು ನೋಡಿಕೊಳ್ಳುವುದು ಹೇಗೆ ಎಂದು ಕಲಿಸಿದರು. ಸರ್ಕಾರದ ಸೌಲಭ್ಯ ಪಡೆಯಲು ನೆರವಾದರು. ವರ್ಷದ ಕೊನೆಗೆ ಅವರಲ್ಲಿ ಪೂರ್ಣ ಖಿನ್ನತೆಗೆ ಜಾರಿದವರು ನೂರಕ್ಕೆ ಸುಮಾರು 4. ಎಂದಿನ ಆರೈಕೆಯ ಗುಂಪಿನಲ್ಲಿ ನೂರಕ್ಕೆ ಸುಮಾರು 14.

ಅಜ್ಜಿಗೆ ಸೂಜಿ ಹಾಕಿಸಿದ ಮನೆಯಲ್ಲಿ ಏನಾಗುತ್ತದೆ ನೋಡಿ. ವಾರಕ್ಕೊಮ್ಮೆ ಮಗನೋ ಸೊಸೆಯೋ ಜೊತೆಗೆ ಹೋಗುತ್ತಾರೆ. ಬಸ್ಸಿನಲ್ಲೋ ಆಟೋದಲ್ಲೋ ಅಕ್ಕಪಕ್ಕ ಕೂರುತ್ತಾರೆ. 'ಹೇಗಿದೆ ಈಗ?' ಎಂದು ಕೇಳುತ್ತಾರೆ. ತಿಂಗಳುಗಟ್ಟಲೆ ಯಾರೂ ಕೇಳದ ಪ್ರಶ್ನೆ ಅದು. ಸುಧಾರಣೆಯಲ್ಲಿ ಇದಕ್ಕೂ ಒಂದು ಪಾಲಿದೆ. ಇದಕ್ಕೆ ಫೀಸಿಲ್ಲ.

ಮಾತ್ರೆ ಬಿಡಬೇಡಿ

ಮಾತ್ರೆಗಳಿಗೂ ಇದೇ ಅಳತೆಗೋಲು ಹಿಡಿಯಬೇಕಲ್ಲವೆ ಎಂದರೆ, ಹಿಡಿಯಲೇಬೇಕು, ಹಿಡಿದಿದ್ದಾರೆ. 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 21 ಖಿನ್ನತೆ ನಿವಾರಕ ಔಷಧಿಗಳ 522 ಪರೀಕ್ಷೆಗಳನ್ನು, ಒಂದು ಲಕ್ಷಕ್ಕೂ ಮಿಕ್ಕ ರೋಗಿಗಳನ್ನು, ತೂಗಿತು. 21 ಔಷಧಿಗಳೂ ಹುಸಿ ಮಾತ್ರೆಗಿಂತ ಮೇಲೆನಿಸಿದವು. ವ್ಯತ್ಯಾಸ ಭಾರಿಯದಲ್ಲ, ಆದರೆ ಪರೀಕ್ಷೆಯಲ್ಲಿ ಪಾಸಾಗಿವೆ. ಸೂಜಿಗೆ ಇನ್ನೂ ಅಷ್ಟು ಗಟ್ಟಿಯಾದ ಅಂಕಪಟ್ಟಿ ಇಲ್ಲ.

ಹಾಗೆಂದು ವೃದ್ಧರಿಗೆ ಮಾತ್ರೆ ತೊಂದರೆಯೇ ಇಲ್ಲದ್ದೆಂದಲ್ಲ. ಕೆಲವರಿಗೆ ತಲೆಸುತ್ತಿ ಬೀಳುವ ಅಪಾಯ ಹೆಚ್ಚುತ್ತದೆ. ಕೆಲವರ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಈಗಾಗಲೇ ನುಂಗುತ್ತಿರುವ ನಾಲ್ಕೈದು ಮಾತ್ರೆಗಳ ಜೊತೆ ಹೊಂದದೆ ಇರಬಹುದು. ವೃದ್ಧರಿಗೆ ಮಾತ್ರೆಯಲ್ಲದ ಚಿಕಿತ್ಸೆ ಸಿಕ್ಕೀತೇ ಎಂದು ವೈದ್ಯರೇ ಹುಡುಕುತ್ತಿರುವುದು ಇದರಿಂದಾಗಿಯೇ. ಆದರೆ ಅದಕ್ಕೆ ಪರಿಹಾರ ವೈದ್ಯರಿಗೆ ಹೇಳಿ ಪ್ರಮಾಣ ತಗ್ಗಿಸುವುದು ಅಥವಾ ಔಷಧಿ ಬದಲಿಸುವುದು. ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ, ನಿದ್ರಾಹೀನತೆ ಬರಬಹುದು, ಇಳಿದಿದ್ದ ಖಿನ್ನತೆ ಮರುಕಳಿಸಬಹುದು. ಮಾತ್ರೆ ಫಲ ಕೊಡಲು ಕೆಲವು ವಾರಗಳೇ ಬೇಕು, ವಯಸ್ಸಾದವರಲ್ಲಿ ಇನ್ನೂ ನಿಧಾನ. ಎಂಟು ದಿನ ನೋಡಿ 'ಏನೂ ಆಗಲಿಲ್ಲ' ಎಂದು ಬಿಡಬಾರದು.

ಹಾಗಾದರೆ ಏನು ಮಾಡಬೇಕು?

ಮೊದಲು ವೈದ್ಯರಿಗೆ ತೋರಿಸಿ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ-12 ವಿಟಮಿನ್ ಕೊರತೆ, ಕೆಲವು ಔಷಧಿಗಳ ಅಡ್ಡಪರಿಣಾಮ ಇವೆಲ್ಲ ಖಿನ್ನತೆಯ ವೇಷದಲ್ಲೇ ಬರುತ್ತವೆ. ರಕ್ತಪರೀಕ್ಷೆಯಲ್ಲಿ ಗೊತ್ತಾಗುವುದನ್ನು ಸೂಜಿಯಿಂದ ಹುಡುಕುವುದು ಬೇಡ. ಕಿವಿ ಮಂದವಾಗಿದೆಯೇ, ಕಣ್ಣಿಗೆ ಪೊರೆ ಬಂದಿದೆಯೇ ನೋಡಿಸಿ. ಕೇಳಿಸದ, ಕಾಣದ ಹಿರಿಯರು ಮನೆಮಂದಿಯ ನಡುವೆಯೇ ಒಂಟಿಯಾಗುತ್ತಾರೆ. ಆಮೇಲೆ ಅಗತ್ಯವಿದ್ದರೆ ಮನೋವೈದ್ಯರು. ಅಲ್ಲಿಗೆ ಹೋಗಲು ಅಜ್ಜಿಗೆ ಸಂಕೋಚವಾದರೆ, 'ನಿದ್ದೆ ಬರುವುದಿಲ್ಲವಲ್ಲ, ಅದಕ್ಕೆ ತೋರಿಸೋಣ ಬನ್ನಿ' ಎಂದು ಕರೆದೊಯ್ಯಿರಿ. ಅದು ಸುಳ್ಳೂ ಅಲ್ಲ.

ಚಿಕಿತ್ಸೆ ನಡೆಯುತ್ತಿರುವಾಗ, ಅಜ್ಜಿಗೆ ಇಷ್ಟವಿದ್ದರೆ, ಜೊತೆಯಲ್ಲಿ ಸೂಜಿಯನ್ನೂ ಹಾಕಿಸಬಹುದು. ವೈದ್ಯರಿಗೆ ತಿಳಿಸಿಯೇ ಹಾಕಿಸಿ. ತಿಳಿದವರು ಮಾಡಿದರೆ ಅಪಾಯ ಕಡಿಮೆ. 2001ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಮೀಕ್ಷೆಯೊಂದರಲ್ಲಿ 34,000ಕ್ಕೂ ಹೆಚ್ಚು ಸಲ ನೀಡಿದ ಚಿಕಿತ್ಸೆಯಲ್ಲಿ ಗಂಭೀರ ಅನಾಹುತ ಒಂದೂ ಆಗಿರಲಿಲ್ಲ. ತಿಳಿಯದವರ ಕೈಯಲ್ಲಿ ಎದೆಯ ಭಾಗದ ಸೂಜಿ ಆಳಕ್ಕಿಳಿದು ಶ್ವಾಸಕೋಶಕ್ಕೆ ತಾಗಿದ ಪ್ರಕರಣಗಳೂ ಉಂಟು. ಆದ್ದರಿಂದ ಚಿಕಿತ್ಸಕರ ಪದವಿ, ತರಬೇತಿ ವಿಚಾರಿಸಿ. ಪ್ರತಿ ಸಲವೂ ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಎದುರಿಗೇ ಒಡೆಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ ವಿದ್ಯುತ್ ಹಾಯಿಸುವ ವಿಧಾನ ಬೇಡ. 'ಮಾತ್ರೆ ಬಿಟ್ಟು ಬನ್ನಿ' ಎನ್ನುವ, ಖಂಡಿತ ಗುಣಪಡಿಸುತ್ತೇನೆಂದು ಭಾಷೆ ಕೊಡುವ, ಇಡೀ ಕೋರ್ಸಿನ ಹಣವನ್ನು ಮೊದಲೇ ಕೇಳುವ ಕಡೆಯಿಂದ ನಮಸ್ಕಾರ ಹೇಳಿ ಎದ್ದುಬನ್ನಿ. ಆರೇಳು ವಾರದಲ್ಲಿ ಬದಲಾವಣೆ ಕಾಣದಿದ್ದರೆ ದುಡ್ಡು ಕಳೆಯುವುದು ಬೇಡ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ವಾರಕ್ಕೆ ಎರಡು ಸಲ ಅರ್ಧ ಗಂಟೆ, ಪುಸ್ತಕ ಮತ್ತು ಮೊಬೈಲು ಎರಡನ್ನೂ ಬದಿಗಿಟ್ಟು, ಅವರ ಹತ್ತಿರ ಕೂತುಕೊಳ್ಳಿ. ಉಪದೇಶ ಬೇಡ. 'ಧೈರ್ಯವಾಗಿರಿ', 'ಯೋಚನೆ ಮಾಡಬೇಡಿ' ಎನ್ನಬೇಡಿ. ಅದು ಆಗುವಂತಿದ್ದರೆ ಅವರೇ ಮಾಡಿರುತ್ತಿದ್ದರು. ಅವರು ಹೇಳುವುದನ್ನು ಕೇಳಿ. ಸಂಜೆ ಬೀದಿಯ ಕೊನೆಯವರೆಗೆ ಜೊತೆಯಲ್ಲಿ ನಡೆಯಿರಿ. ಇದು ವೈದ್ಯರ ಬದಲಿಗಲ್ಲ, ವೈದ್ಯರ ಚಿಕಿತ್ಸೆಯ ಜೊತೆಗೆ. ಅರ್ಧ ಗಂಟೆಯಿಂದ ನಿಮ್ಮ ರ‍್ಯಾಂಕೇನೂ ತಪ್ಪಿಹೋಗುವುದಿಲ್ಲ.

ಕಡೆಯದಾಗಿ ಒಂದು ಮುಖ್ಯ ಮಾತು. 'ಬದುಕಿದ್ದು ಸಾಕು', 'ನಾನು ಹೋದರೆ ನಿಮಗೆಲ್ಲ ಹಗುರ' ಎಂಬ ಮಾತು ಹಿರಿಯರ ಬಾಯಿಂದ ಬಂದರೆ ಅದನ್ನು ವಯಸ್ಸಾದವರ ಗೊಣಗಾಟವೆಂದು ತಳ್ಳಿಹಾಕಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆಗಳನ್ನು, ಹೊಲಕ್ಕೆ ತಂದ ಕೀಟನಾಶಕವನ್ನು ಬೀಗ ಹಾಕಿ ಇಡಿ. ಅದೇ ದಿನ ವೈದ್ಯರಿಗೆ ತೋರಿಸಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಹಿರಿಯರ ಇತರ ತೊಂದರೆಗಳಿಗೆ 14567 ಇದೆ. ಈ ಎರಡು ಸಂಖ್ಯೆಗಳನ್ನು ಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡ ಅಕ್ಷರದಲ್ಲಿ ಇವತ್ತೇ ಬರೆದಿಡಿ.